ಕುಡಿಯುವ ಮಕ್ಕಳನ್ನು ಕೇಳುವ ಬಗೆ



ಧಾರವಾಡ ಜಿಲ್ಲೆಯ ಓದುಗ ದಂಪತಿಗಳಿಂದ ನಮಗೆ ಬಂದ ಪತ್ರವೊಂದು ಈ ತಿಂಗಳ ಬರವಣಿಗೆಗೆ ನಿಮಿತ್ತವಾಗಿದೆ. ಅವರ ಮಗಳು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಪದವಿ ತರಗತಿಗೆ ಪ್ರವೇಶ ಪಡೆದಿದ್ದಾಳೆ. ತರಗತಿಗಳು ಆರಂಭವಾಗುವುದಕ್ಕೆ ಮೊದಲೇ ಅಲ್ಲಿಂದ ಒಂದು ಸೂಚನೆ ಬಂದಿತಂತೆ: ಮದ್ಯಪಾನವನ್ನು ಕುರಿತ ಕಿರುಪಾಠವೊಂದನ್ನು ಹೊಸ ವಿದ್ಯಾರ್ಥಿಗಳೆಲ್ಲರೂ ಅಂತರ್ಜಾಲದ ಮೂಲಕ ಮುಗಿಸತಕ್ಕದ್ದು. ಮಗಳ ಪಕ್ಕದಲ್ಲಿ ಕುಳಿತು ತಂದೆಯೂ ಅದನ್ನು ನೋಡಿದರು. ಮೊದಲ ಪುಟದಲ್ಲಿಯೇ ಪ್ರಶ್ನೆಗಳು: ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಕುಡಿದಿರಿ, ಒಂದು ಸಲಕ್ಕೆ ಎಷ್ಟು ಕುಡಿದಿರಿ, ನಿಮ್ಮ ಸಹಪಾಠಿಗಳು ಎಷ್ಟು ಕುಡಿಯುವರೆಂದು ಊಹಿಸುವಿರಿ. "ಕೊರಳಲ್ಲಿ ಇಷ್ಟಲಿಂಗ ಧರಿಸಿದ ನಮ್ಮ ಮಗುವನ್ನು ಹೀಗೆ ಕೇಳಬಹುದೇ? ಕುಡಿಯಬೇಡವೆಂದು ಹೇಳಬೇಕಾದ ವಿದ್ಯಾಲಯವು ಎಷ್ಟು ಕುಡಿಯುತ್ತೀ ಎಂದು ಕೇಳುವುದು ಯಾವ ನೀತಿ?" ಎಂದು ಅವರು ನೊಂದು ಬರೆದಿದ್ದಾರೆ.

ಪ್ರಶ್ನೆ ನ್ಯಾಯವಾದುದು. ನಮ್ಮ ಸಮಾಜದ ಅನೇಕ ಮನೆಗಳಿಂದ ಮಕ್ಕಳು ಈಗ ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಗೆ ಓದಲು ಹೋಗುತ್ತಿದ್ದಾರೆ. ಬೆಂಗಳೂರು, ಬೆಳಗಾವಿ, ದಾವಣಗೆರೆಗಳಿಗೆ ಹೋಗುವವರಂತೂ ಲೆಕ್ಕವಿಲ್ಲ. ಆದುದರಿಂದ ಈ ಪಾಠದ ಹಿನ್ನೆಲೆಯನ್ನು ತುಸು ವಿವರವಾಗಿಯೇ ತಿಳಿಯುವುದು ಒಳಿತು.

ಅಮೆರಿಕದಲ್ಲಿ ಕುಡಿಯಬೇಡವೆಂದು ಹೇಳಿರಲಿಲ್ಲವೆಂದು ಭಾವಿಸಬಾರದು. 1984ರಲ್ಲಿ ಆ ದೇಶದ ಸಂಸತ್ತು ಮಾಡಿದ ಶಾಸನದ ಫಲವಾಗಿ ಎಲ್ಲ ರಾಜ್ಯಗಳಲ್ಲಿಯೂ ಮದ್ಯ ಕೊಳ್ಳುವ ವಯಸ್ಸು 21ಕ್ಕೆ ಏರಿತು. ಕಾಲೇಜುಗಳಲ್ಲಿ ಉಪನ್ಯಾಸಗಳಾದವು, ಭಿತ್ತಿಪತ್ರಗಳು ಅಂಟಿದವು, ಯಕೃತ್ತು ಕೊಳೆಯುವ ಚಿತ್ರಗಳನ್ನು ತೋರಿಸಲಾಯಿತು. ಆದರೂ 1993ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೆನ್ರಿ ವೆಕ್ಸ್‌ಲರ್ ಮತ್ತು ಸಂಗಡಿಗರು 140 ಕಾಲೇಜುಗಳಲ್ಲಿ ಸಮೀಕ್ಷೆ ಮಾಡಿದಾಗ ನೂರಕ್ಕೆ 44 ವಿದ್ಯಾರ್ಥಿಗಳು ಹಿಂದಿನ ಎರಡು ವಾರಗಳಲ್ಲಿ ಒಮ್ಮೆಯಾದರೂ ವಿಪರೀತವಾಗಿ ಕುಡಿದಿದ್ದರು. ವಿಪರೀತವೆಂದರೆ ಹುಡುಗರಿಗೆ ಒಂದೇ ಬೈಠಕ್ಕಿನಲ್ಲಿ ಐದು ಪಾನ, ಹುಡುಗಿಯರಿಗೆ ನಾಲ್ಕು. ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆ. ಅಷ್ಟೇ ಮದ್ಯ ಅವಳ ರಕ್ತದಲ್ಲಿ ಹೆಚ್ಚು ಸಾಂದ್ರವಾಗುತ್ತದೆ. ಆದುದರಿಂದ ಈ ಭೇದ. ಉಪನ್ಯಾಸ ಕೇಳಿದ ವಿದ್ಯಾರ್ಥಿಗಳು ಮದ್ಯದ ಕೆಡುಕನ್ನು ಪರೀಕ್ಷೆಯಲ್ಲಿ ಚೆನ್ನಾಗಿ ಬರೆಯಬಲ್ಲವರಾದರೇ ಹೊರತು, ಶನಿವಾರದ ರಾತ್ರಿ ಅವರ ಕೈ ಹಿಂದೆಗೆಯಲಿಲ್ಲ. ಬರಿಯ ತಿಳಿವಳಿಕೆಯಿಂದ ನಡತೆ ಬದಲಾಗದೆಂಬುದನ್ನು ಅಲ್ಲಿನ ಸಂಶೋಧಕರು ಮೇಲಿಂದ ಮೇಲೆ ಕಂಡರು.

ಆಗ ಎರಡು ಬೇರೆ ದಾರಿಗಳು ತೋರಿಬಂದವು.

ಒಂದು, ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಅವರ ಸಂಗಡಿಗರದು. 1990ರ ದಶಕದಲ್ಲಿ ಅವರು ರೂಪಿಸಿದ ಕ್ರಮಕ್ಕೆ 'ಬೇಸಿಕ್ಸ್' ಎಂಬ ಹೆಸರಾಯಿತು. 1999ರಲ್ಲಿ ಅದು ಪುಸ್ತಕವಾಗಿ ಬಂದಿತು. ಹೆಚ್ಚು ಕುಡಿಯುವ ವಿದ್ಯಾರ್ಥಿಯನ್ನು ಒಬ್ಬನೇ ಕರೆದು, ಸುಮಾರು ಒಂದು ಗಂಟೆಯ ಕಾಲ ಮಾತನಾಡುವುದು. ಬೈಗುಳವಿಲ್ಲ, ಬೆದರಿಕೆಯಿಲ್ಲ, ಕುಡುಕನೆಂಬ ಹಣೆಪಟ್ಟಿಯಿಲ್ಲ. ನೀನು ವಾರಕ್ಕೆ ಇಷ್ಟು ಕುಡಿಯುತ್ತಿರುವೆ, ಇದರಿಂದ ನಿನಗೆ ಒದಗಿದ ತೊಂದರೆಗಳು ಇವೆಂದು ನೀನೇ ಹೇಳಿರುವೆ, ನಿನ್ನ ಮುಂದಿನ ಆಸೆಗಳು ಇವು. ಇವೆರಡೂ ಹೇಗೆ ಹೊಂದುತ್ತವೆಂದು ನೀನೇ ನೋಡು. ಇಷ್ಟೇ ಅದರ ತಿರುಳು. ತೀರ್ಮಾನ ವಿದ್ಯಾರ್ಥಿಯ ಬಾಯಿಂದಲೇ ಬರಬೇಕು. ಎರಡು ವರ್ಷಗಳ ಬಳಿಕ ನೋಡಿದಾಗಲೂ ಹೀಗೆ ಮಾತನಾಡಿಸಿದವರ ಕುಡಿತ ಮಾತನಾಡಿಸದವರದಕ್ಕಿಂತ ಕಡಿಮೆಯಾಗಿಯೇ ಇದ್ದಿತು.

ಇನ್ನೊಂದು ಇನ್ನೂ ಸ್ವಾರಸ್ಯವಾದುದು. 1986ರಲ್ಲಿ ವೆಸ್ಲಿ ಪರ್ಕಿನ್ಸ್ ಮತ್ತು ಅಲನ್ ಬರ್ಕೋವಿಟ್ಜ್ ಎಂಬಿಬ್ಬರು ನ್ಯೂಯಾರ್ಕ್ ರಾಜ್ಯದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳನ್ನು ಎರಡು ಬಗೆಯಾಗಿ ಕೇಳಿದ್ದನ್ನು ಪ್ರಕಟಿಸಿದರು. ಕುಡಿತದ ಬಗ್ಗೆ ನಿನ್ನ ಅಭಿಪ್ರಾಯವೇನು? ಉಳಿದವರ ಅಭಿಪ್ರಾಯವೇನೆಂದು ತಿಳಿದಿರುವೆ? ಬಹುಮಂದಿಯ ಸ್ವಂತ ಅಭಿಪ್ರಾಯ ಮಿತವಾಗಿದ್ದಿತು. ಆದರೆ ಉಳಿದವರೆಲ್ಲ ತಮಗಿಂತ ಸಡಿಲರೆಂದು ಅವರು ನಂಬಿದ್ದರು. ಎಲ್ಲರೂ ಕುಡಿಯುತ್ತಾರೆ, ನಾನೊಬ್ಬನೇ ಹಿಂದೆ ಬಿದ್ದಿದ್ದೇನೆಂದು ಪ್ರತಿಯೊಬ್ಬನೂ ಒಳಗೊಳಗೆ ಎಣಿಸುತ್ತಿದ್ದನು.

ಇದು ನಮಗೆ ಅಚ್ಚರಿಯ ಸಂಗತಿಯಲ್ಲ. ಜಾತ್ರೆಯ ರಾತ್ರಿ ಕುಡಿದು ಕೂಗಾಡುವವರು ನಾಲ್ವರಾದರೆ, ತೇರನೆಳೆದು ಪ್ರಸಾದ ಸ್ವೀಕರಿಸಿ ಮನೆಗೆ ಹೋಗಿ ಮಲಗಿದವರು ನಾಲ್ಕು ಸಾವಿರ. ಮರುದಿನ ಊರೆಲ್ಲ ಆಡಿಕೊಳ್ಳುವುದು ಆ ನಾಲ್ವರ ಮಾತನ್ನು. ಹಾಸ್ಟೆಲಿನಲ್ಲಿಯೂ ಹಾಗೆಯೇ: ಗದ್ದಲವಿರುವ ಕೊಠಡಿ ಎಲ್ಲರಿಗೂ ಕೇಳಿಸುತ್ತದೆ, ದೀಪವಾರಿಸಿ ಮಲಗಿದ ಕೊಠಡಿ ಯಾರಿಗೂ ಕಾಣಿಸುವುದಿಲ್ಲ. ಹದಿನೆಂಟರ ಹುಡುಗ ಗದ್ದಲವನ್ನೇ ಲೋಕವೆಂದು ತಿಳಿದು ಅದನ್ನು ಸೇರಲು ಹೊರಡುತ್ತಾನೆ. ಅಮೆರಿಕದಲ್ಲಿ ಇಂದಿಗೂ ಸ್ಥಿತಿ ಅದೇ. 2022ರ ರಾಷ್ಟ್ರೀಯ ಸಮೀಕ್ಷೆಯಂತೆ ಅಲ್ಲಿನ ಪೂರ್ಣಾವಧಿ ಕಾಲೇಜು ವಿದ್ಯಾರ್ಥಿಗಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ಮದ್ಯ ಮುಟ್ಟಿದವರು ಸುಮಾರು ಅರ್ಧದಷ್ಟು ಮಾತ್ರ. ಉಳಿದರ್ಧ ಸದ್ದಿಲ್ಲದವರು.

ಈ ಎರಡು ದಾರಿಗಳನ್ನು ಕೂಡಿಸಿ ಗಣಕಯಂತ್ರದೊಳಗೆ ಇಟ್ಟದ್ದೇ ನಮ್ಮ ಓದುಗರು ಕಂಡ ಪಾಠ. ಒಂದು ವಿಶ್ವವಿದ್ಯಾಲಯದಲ್ಲಿ ಹತ್ತಿಪ್ಪತ್ತು ಸಾವಿರ ವಿದ್ಯಾರ್ಥಿಗಳಿರುವಾಗ ಒಬ್ಬೊಬ್ಬರನ್ನೂ ಕರೆದು ಗಂಟೆಗಟ್ಟಲೆ ಮಾತನಾಡಿಸಲು ಜನ ಸಾಲದು. ಆದುದರಿಂದ ವಿದ್ಯಾರ್ಥಿಯು ತನ್ನ ಕೊಠಡಿಯಲ್ಲಿಯೇ ಕುಳಿತು ಉತ್ತರಿಸುತ್ತಾನೆ; ಕೆಲವೇ ನಿಮಿಷಗಳಲ್ಲಿ ಅವನ ಲೆಕ್ಕ ಅವನ ಮುಂದೆ ನಿಲ್ಲುತ್ತದೆ. ನಿನ್ನ ಕಾಲೇಜಿನ ಇಷ್ಟು ಮಂದಿಗಿಂತ ನೀನು ಹೆಚ್ಚು ಕುಡಿಯುತ್ತಿರುವೆ. ವರ್ಷಕ್ಕೆ ಇದಕ್ಕಾಗಿ ಇಷ್ಟು ಹಣ ಸುರಿದಿರುವೆ. ನೀನು ಹೇಳಿದ ಆ ರಾತ್ರಿ ನಿನ್ನ ರಕ್ತದಲ್ಲಿ ಮದ್ಯದ ಪ್ರಮಾಣ ಇಷ್ಟು ಏರಿದ್ದಿತು. ನಿಮ್ಮ ಮನೆತನದಲ್ಲಿ ಈ ರೋಗವಿದ್ದರೆ ನಿನಗೆ ಅಪಾಯ ಹೆಚ್ಚು. ಸ್ಯಾನ್ ಡಿಯಾಗೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಇ-ಚಗ್' ಎಂಬ ಕಾರ್ಯಕ್ರಮ ಇಂಥದೇ. ಪ್ರಶ್ನೆಗಳಿಗೆ ಅನೇಕ ಕಡೆ ಆಧಾರವಾಗಿರುವುದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೊರತಂದ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿ. ಒಟ್ಟು 40 ಅಂಕಗಳು. 8 ಅಥವಾ ಹೆಚ್ಚು ಬಂದರೆ ಎಚ್ಚರವಹಿಸಬೇಕು.

ಯಂತ್ರಕ್ಕೆ ಒಂದು ಗುಣವುಂಟು: ಅದು ಮುಖ ಸಿಂಡರಿಸುವುದಿಲ್ಲ. ತಂದೆಯ ಮುಂದೆ, ಗುರುವಿನ ಮುಂದೆ, ವೈದ್ಯನ ಮುಂದೆ ಕೂಡ ಕುಡಿತದ ಲೆಕ್ಕವನ್ನು ಅರ್ಧಕ್ಕಿಳಿಸಿ ಹೇಳುವ ಹುಡುಗ ಅದರ ಮುಂದೆ ನಿಜ ನುಡಿಯುವ ಸಂಭವ ಹೆಚ್ಚು. ಲಿಂಗಪೂಜೆಯಲ್ಲಿ ಅಂಗೈಯ ಲಿಂಗವನ್ನು ನೋಡುತ್ತ ತನ್ನನ್ನು ತಾನು ವಿಚಾರಿಸಿಕೊಳ್ಳುವುದು ನಮ್ಮ ಮಕ್ಕಳಿಗೆ ಕಲಿಸಿದ ವಿದ್ಯೆ. ಯಂತ್ರದ ಪರದೆಯನ್ನು ಅದರ ಪಕ್ಕದಲ್ಲಿಡುವ ಅವಿವೇಕ ನಮಗಿಲ್ಲ. ಆದರೆ ಪೂಜೆಯನ್ನೇ ಬಿಟ್ಟು ಕುಳಿತ ಹುಡುಗನಿಗೆ ತನ್ನನ್ನು ತಾನು ಕಾಣಲು ಹತ್ತು ನಿಮಿಷದ ಒಂದು ಕನ್ನಡಿ ಸಿಕ್ಕರೆ ಅದನ್ನು ಒಡೆಯುವ ಅವಸರವೂ ನಮಗೆ ಬೇಡ.

ಆದುದರಿಂದ ಆ ತಂದೆತಾಯಿಗಳಿಗೆ ನಮ್ಮ ಉತ್ತರವಿಷ್ಟು: ಆ ಪ್ರಶ್ನೆ ನಿಮ್ಮ ಮಗಳ ಮೇಲಿನ ಅಪವಾದವಲ್ಲ. ಆಕೆ ಸೊನ್ನೆ ಎಂದು ಬರೆಯಲಿ. ಹಾಗೆ ಬರೆಯುವ ಸಹಪಾಠಿಗಳು ತಾನೆಣಿಸಿದ್ದಕ್ಕಿಂತ ಬಹಳ ಹೆಚ್ಚೆಂಬುದನ್ನು ಆ ಪಾಠವೇ ಆಕೆಗೆ ತಿಳಿಸೀತು. ಪರದೇಶದಲ್ಲಿ ಒಂಟಿಯಾಗಿರುವ ಹುಡುಗಿಗೆ ಅದು ಸಣ್ಣ ಬಲವಲ್ಲ.

ಇನ್ನು ಇದರಿಂದ ಫಲವೆಷ್ಟು ಎಂಬ ಮಾತು. ಇಲ್ಲಿ ಉತ್ಸಾಹದ ಮಾತಾಡುವವರನ್ನು ನಂಬಬಾರದು. 2009ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳ ಮೇಲೆ ಕಿಪ್ರೋಸ್ ಕಿಪ್ರಿ ಮತ್ತು ಸಂಗಡಿಗರು ನಡೆಸಿದ ಪ್ರಯೋಗದ ಫಲಿತಾಂಶ ಹೊರಬಂದಿತು. ಅಪಾಯಕರವಾಗಿ ಕುಡಿಯುತ್ತಿದ್ದವರಲ್ಲಿ ಈ ಕಿರುಪಾಠ ಪಡೆದವರು ಒಂದು ತಿಂಗಳ ಬಳಿಕ ಪಡೆಯದವರಿಗಿಂತ ಒಟ್ಟು ಶೇಕಡಾ 17ರಷ್ಟು ಕಡಿಮೆ ಕುಡಿದರು. ಆರು ತಿಂಗಳ ಬಳಿಕ ಅಂತರ ಶೇಕಡಾ 11ಕ್ಕೆ ಇಳಿದಿದ್ದಿತು. ಅದೇ ಸಂಶೋಧಕರು ನ್ಯೂಜಿಲೆಂಡಿನ ಏಳು ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದಾಗ, ಐದು ತಿಂಗಳ ಬಳಿಕ ಒಂದು ಸಲಕ್ಕೆ ಕುಡಿಯುವ ಪ್ರಮಾಣ ತುಸು ಇಳಿದಿದ್ದರೂ ಎಷ್ಟು ಸಲ ಕುಡಿಯುತ್ತಾರೆಂಬುದು ಬದಲಾಗಿರಲಿಲ್ಲ. ಅದೇ ದೇಶದ ಮೂಲನಿವಾಸಿಗಳಾದ ಮಾವೊರಿ ವಿದ್ಯಾರ್ಥಿಗಳ ಮೇಲಿನ ಪ್ರತ್ಯೇಕ ಪ್ರಯೋಗದಲ್ಲಿ ಮಾತ್ರ ಫಲ ಚೆನ್ನಾಗಿಯೇ ಕಂಡಿದ್ದಿತು. ಯುವಕರೆಂದು ಸೀಮಿತಗೊಳಿಸದೆ ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ 2017ರ ಒಂದು ದೊಡ್ಡ ವಿಮರ್ಶೆಯು, ಇಂಥ ಯಂತ್ರಪಾಠಗಳಿಂದ ವಾರಕ್ಕೆ ಸುಮಾರು 23 ಗ್ರಾಂ ಮದ್ಯಸಾರದಷ್ಟು ಕಡಿಮೆಯಾಗುತ್ತದೆಂದು ಹೇಳಿತು.

23 ಗ್ರಾಂ ಎಂದರೆಷ್ಟು? ಈ ಲೆಕ್ಕವನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಅಮೆರಿಕದಲ್ಲಿ ಒಂದು ಪಾನವೆಂದರೆ 14 ಗ್ರಾಂ ಶುದ್ಧ ಮದ್ಯಸಾರ. ನ್ಯೂಜಿಲೆಂಡಿನಲ್ಲಿ 10 ಗ್ರಾಂ. ಇಂಗ್ಲೆಂಡಿನಲ್ಲಿ ಒಂದು ಯೂನಿಟ್ ಎಂದರೆ 8 ಗ್ರಾಂ. ನಮ್ಮಲ್ಲಿ ವಿಸ್ಕಿ, ರಮ್ಮುಗಳ ಬಾಟಲಿಯ ಮೇಲೆ ಸಾಮಾನ್ಯವಾಗಿ ಶೇಕಡಾ 42.8 ಎಂದಿರುತ್ತದೆ. 60 ಮಿಲಿಲೀಟರಿನ ದೊಡ್ಡ ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಆಯಿತು. 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರ್ ಬಾಟಲಿಯ ಮೇಲೆ ಶೇಕಡಾ 8 ಎಂದಿದ್ದರೆ ಅದರಲ್ಲಿರುವುದು ಸುಮಾರು 41 ಗ್ರಾಂ. "ನಾನು ಕುಡಿದದ್ದು ಬರೀ ಬಿಯರ್, ಅದೂ ಒಂದೇ ಬಾಟಲಿ" ಎಂದು ಮಗ ಹೇಳಿದರೆ, ಅವನು ಎರಡು ದೊಡ್ಡ ಪೆಗ್ಗು ವಿಸ್ಕಿಯನ್ನು, ಅಮೆರಿಕದ ಲೆಕ್ಕದಲ್ಲಿ ಸುಮಾರು ಮೂರು ಪಾನಗಳನ್ನು ಕುಡಿದಿದ್ದಾನೆಂದು ತಿಳಿಯಬೇಕು. ಅವನು ಸುಳ್ಳು ಹೇಳುತ್ತಿರುವನೆಂದಲ್ಲ. ಬಹುಮಟ್ಟಿಗೆ ಅವನಿಗೂ ಈ ಲೆಕ್ಕ ಗೊತ್ತಿರುವುದಿಲ್ಲ. ಒಂದು ಅಮೆರಿಕದ ಪಾನವನ್ನು ಕರಗಿಸಲು ಯಕೃತ್ತಿಗೆ ಒಂದು ಗಂಟೆಗಿಂತ ಕಡಿಮೆ ಬೇಕಾಗುವುದಿಲ್ಲ. ನಿಂಬೆರಸ, ಮಜ್ಜಿಗೆ, ಕಾಫಿ, ತಣ್ಣೀರಿನ ಸ್ನಾನ ಯಾವುದೂ ಈ ಕೆಲಸವನ್ನು ಬೇಗ ಮಾಡಿಸಲಾರವು.

ವಾರಕ್ಕೆ 23 ಗ್ರಾಂ ಎಂದರೆ, ಹಾಗಾದರೆ, ದೊಡ್ಡ ಪೆಗ್ಗೊಂದಕ್ಕಿಂತ ತುಸು ಹೆಚ್ಚು. ಒಬ್ಬ ಹುಡುಗನಿಗೆ ಇದು ಅಲ್ಪ. ಸಾವಿರ ಹುಡುಗರು ಅಷ್ಟಷ್ಟು ಇಳಿಸಿದರೆ ಎಷ್ಟೋ ಅಪಘಾತಗಳು, ಎಷ್ಟೋ ಬಡಿದಾಟಗಳು ತಪ್ಪಬಹುದು. ಆದರೆ ಯಂತ್ರದ ಪಾಠ ಮುಗಿಯಿತು, ಇನ್ನು ನಮ್ಮ ಮಗು ಸುರಕ್ಷಿತವೆಂದು ಮನೆಯವರು ಕೈತೊಳೆದುಕೊಳ್ಳುವಂತಿಲ್ಲ. ಯಂತ್ರದ ಮಾತು ಕೆಲವು ತಿಂಗಳಲ್ಲಿ ಮಾಸುತ್ತದೆ. ಉಳಿದದ್ದನ್ನು ಮಾಡತಕ್ಕವರು ಯಾರು?

ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ರಾಬರ್ಟ್ ಟ್ಯುರಿಸಿ ಎಂಬ ಸಂಶೋಧಕರು ಈ ಪ್ರಶ್ನೆಯನ್ನು ತಂದೆತಾಯಿಗಳ ಕಡೆಗೆ ತಿರುಗಿಸಿದರು. ಮಗು ಕಾಲೇಜಿಗೆ ಹೊರಡುವ ಮುಂಚಿನ ಬೇಸಿಗೆಯಲ್ಲಿ ಪಾಲಕರಿಗೆ ಒಂದು ಕೈಪಿಡಿ ಕೊಡುವುದು; ಮದ್ಯದ ಬಗ್ಗೆ ಮಕ್ಕಳೊಡನೆ ಹೇಗೆ ಮಾತಾಡಬೇಕೆಂದು ಅದು ತಿಳಿಸುತ್ತದೆ. 2009ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಪಾಲಕರ ಮಾತು ಮತ್ತು ಕಾಲೇಜಿನಲ್ಲಿ ನಡೆದ 'ಬೇಸಿಕ್ಸ್' ಮಾತುಕತೆ ಎರಡನ್ನೂ ಪಡೆದ ವಿದ್ಯಾರ್ಥಿಗಳು, ಏನನ್ನೂ ಪಡೆಯದವರಿಗಿಂತ ಹತ್ತು ತಿಂಗಳ ಬಳಿಕ ಕಡಿಮೆ ಕುಡಿಯುತ್ತಿದ್ದರು. ಇನ್ನೊಂದು ಸಂಗತಿಯನ್ನು ನಮ್ಮ ಓದುಗರು ಮನಸ್ಸಿನಲ್ಲಿಡಬೇಕು. ಮನೆಯಲ್ಲಿಯೇ ಸ್ವಲ್ಪ ಕುಡಿಸಿ ಅಭ್ಯಾಸ ಮಾಡಿಸಿದರೆ ಹೊರಗೆ ಹದ ತಪ್ಪುವುದಿಲ್ಲ ಎಂಬ ಒಂದು ಹೊಸ ನಾಗರಿಕತೆಯ ಮಾತು ಈಗ ನಮ್ಮ ಪಟ್ಟಣಗಳ ಮನೆಗಳಲ್ಲೂ ಕೇಳಿಬರುತ್ತಿದೆ. ಟ್ಯುರಿಸಿಯವರೂ ಅವರ ಸಂಗಡಿಗರೂ ಕಂಡದ್ದು ಇದಕ್ಕೆ ವಿರುದ್ಧ: ಪಾಲಕರು ಎಷ್ಟು ಸಡಿಲ ಬಿಟ್ಟರೋ ಮಕ್ಕಳು ಕಾಲೇಜಿನಲ್ಲಿ ಅಷ್ಟು ಹೆಚ್ಚು ಕುಡಿದರು, ಕುಡಿತ ಕೂಡದೆಂದು ಸ್ಪಷ್ಟವಾಗಿ ನಂಬಿದ್ದ ಪಾಲಕರ ಮಕ್ಕಳು ಕಡಿಮೆ ಕುಡಿದರು. ಕುಡಿಯಬೇಡವೆನ್ನುವ ಮನೆಯ ಮಾತು ವ್ಯರ್ಥವಲ್ಲವೆಂದಾಯಿತು. ವ್ಯರ್ಥವಾಗುವುದು, ಅದೊಂದನ್ನೇ ಹೇಳಿ ಬಾಯಿ ಮುಚ್ಚಿಕೊಳ್ಳುವುದು.

ಇಲ್ಲಿ ನಮ್ಮ ಸಮಾಜದ ಮನೆಗಳ ಒಂದು ದೋಷವನ್ನು ಹೇಳದೆ ವಿಧಿಯಿಲ್ಲ. "ನಮ್ಮವರಲ್ಲಿ ಅದೆಲ್ಲ ಇಲ್ಲ" ಎನ್ನುವುದು ನಮ್ಮ ರೂಢಿ. ಮದ್ಯ ಮಾಂಸಗಳನ್ನು ವರ್ಜಿಸಿದ ಪರಂಪರೆ ನಮ್ಮದೆಂಬ ಅಭಿಮಾನ ಸರಿಯಾದುದೇ. ಆದರೆ ಆ ಅಭಿಮಾನ ಪರದೆಯಾದಾಗ ಹುಡುಗ ಅದರ ಹಿಂದೆ ಅಡಗುತ್ತಾನೆ. ಕುಡಿದದ್ದು ಗೊತ್ತಾದರೆ ಮನೆತನದ ಮಾನ ಹೋದೀತೆಂದು ತಾಯಿಗೆ ಗೊತ್ತಿದ್ದುದನ್ನು ತಂದೆಗೆ ಹೇಳುವುದಿಲ್ಲ. ತಂದೆಗೆ ಗೊತ್ತಾದುದನ್ನು ಬೀಗರಿಗೆ ತಿಳಿಯದಂತೆ ನೋಡಿಕೊಳ್ಳುತ್ತಾರೆ. ಮದುವೆ ಮಾಡಿದರೆ ಸರಿಹೋಗುತ್ತಾನೆಂದು ಇನ್ನೊಬ್ಬರ ಮನೆಯ ಹೆಣ್ಣುಮಗಳನ್ನು ತಂದು ಆ ಬೆಂಕಿಗೆ ನೂಕುತ್ತಾರೆ. ಕಾಲೇಜಿನ ಎರಡನೆಯ ವರ್ಷದಲ್ಲಿ ಒಂದು ಗಂಟೆಯ ಮಾತಿನಿಂದ ತಿರುಗಬಹುದಾಗಿದ್ದ ಹುಡುಗ ಮೂವತ್ತರ ವಯಸ್ಸಿಗೆ ಆಸ್ಪತ್ರೆಯ ಹಾಸಿಗೆ ಸೇರುತ್ತಾನೆ. ಇಂಥ ಮನೆಗಳನ್ನು ಕಾಣದ ಮಠಾಧಿಪತಿಗಳಾಗಲಿ ಶಿಕ್ಷಕರಾಗಲಿ ನಮ್ಮ ನಾಡಿನಲ್ಲಿ ವಿರಳ.

ಶರಣರ ದಾರಿ ಹೀಗೆ ಮುಚ್ಚಿಡುವುದಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನವರಿದ್ದಾರೆ. ಹೆಸರೇ ಹೇಳುವಂತೆ ಹೆಂಡ ಮಾರುವುದು ಅವರ ಕಾಯಕವಾಗಿದ್ದಿತು. ಅಂಗಡಿಗೆ ಬಂದವರೊಡನೆಯೇ ಮಾತಾಡಿ ಅವರ ಮನಸ್ಸನ್ನು ತಿರುಗಿಸುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಕುಡಿಯುವವನು ನಿಂತ ಜಾಗಕ್ಕೇ ಮಾತು ಹೋಗಿ ತಲುಪಿದ್ದು ನೋಡಿರಿ. ಅವನನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡು ಮಾಡಿದ ಉಪದೇಶವಲ್ಲ ಅದು. ನಮ್ಮ ಕಾಲದಲ್ಲಿಯೇ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು (1930–2018) 1970ರ ದಶಕದಿಂದ ಊರೂರು ಅಲೆದರು. ಭಕ್ತರ ಮನೆಯ ಮುಂದೆ ಜೋಳಿಗೆ ಹಿಡಿದು ನಿಂತು ಅವರು ಬೇಡಿದ್ದು ಕಾಳುಕಡಿಯನ್ನಲ್ಲ, ದುಶ್ಚಟಗಳನ್ನು. ಮಹಾಂತ ಜೋಳಿಗೆ ಎಂದು ನಾಡೆಲ್ಲ ಅದನ್ನು ಬಲ್ಲದು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಆ ಭೇಟಿ ಎಷ್ಟು ಹೊತ್ತಿನದು? ಕೆಲವು ನಿಮಿಷಗಳದು. ಬೈಗುಳವಿಲ್ಲ, ಬೇಡಿಕೆಯಿದೆ, ಕೊಡುವುದು ಬಿಡುವುದು ಎದುರಿನವನ ಇಚ್ಛೆ. ಸಿಯಾಟಲ್ಲಿನ ಪಂಡಿತರು ಕಂಡುಕೊಂಡದ್ದಕ್ಕೂ ಇದಕ್ಕೂ ನಡುವಿನ ದೂರ ಬಹಳವಿಲ್ಲ. ಭೇದವೂ ಒಂದುಂಟು: ಜೋಳಿಗೆಗೆ ಹಾಕುವವನು ಹತ್ತು ಜನರ ಮುಂದೆ ಹಾಕುತ್ತಾನೆ, ಆ ಹತ್ತು ಜನರೇ ಅವನಿಗೆ ಕಾವಲು. ಪರದೆಯ ಮುಂದೆ ಕುಳಿತವನಿಗೆ ಗುಟ್ಟಿನ ಅನುಕೂಲವಿದೆ, ಕಾವಲಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಮೊದಲು ಗುಟ್ಟು ಬೇಕಾಗುತ್ತದೆ, ಆಮೇಲೆ ಕಾವಲು ಬೇಕಾಗುತ್ತದೆ ಎಂದು ನಮ್ಮ ಎಣಿಕೆ.

ನಮ್ಮ ದೇಶದ ಮಾತಿಗೆ ಬಂದರೆ, "ಈಗ ಕುಡಿಯದವರು ಯಾರು?" ಎಂಬ ಹುಡುಗರ ವಾದಕ್ಕೆ ಉತ್ತರ ಸಿದ್ಧವಾಗಿಯೇ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದ ಗಂಡಸರಲ್ಲಿ ಮದ್ಯ ಸೇವಿಸುವವರು ನೂರಕ್ಕೆ ಸುಮಾರು 19, ಹೆಂಗಸರಲ್ಲಿ ನೂರಕ್ಕೆ ಒಬ್ಬರು. ಐವರು ಗಂಡಸರಲ್ಲಿ ನಾಲ್ವರು ಕುಡಿಯುವುದಿಲ್ಲ. ಈ ಒಂದು ಸಂಖ್ಯೆಯನ್ನು ಮಗನಿಗೆ ಹೇಳಿರಿ. ಹತ್ತು ನೀತಿಕಥೆಗಳಿಗಿಂತ ಅದು ಹೆಚ್ಚು ಕೆಲಸ ಮಾಡೀತು. ಸರಕಾರದ ಕಡೆಯ ರಕ್ಷಣೆಯನ್ನೇ ನೆಚ್ಚುವಂತೆಯೂ ಇಲ್ಲ. ಕರ್ನಾಟಕದಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮ 2023ರ ಜನವರಿಯಲ್ಲಿ ಹೊರಬಂದಿದ್ದುದು ನೆನಪಿರಬಹುದು. ಜನರು ವಿರೋಧಿಸಿದ ಮೇಲೆ ಅದನ್ನು ಕೈಬಿಡಲಾಯಿತು.

ನಮ್ಮ ಮಠಗಳ ಪ್ರಸಾದ ನಿಲಯಗಳೂ, ಸಮಾಜದ ವಿದ್ಯಾಸಂಸ್ಥೆಗಳ ಹಾಸ್ಟೆಲುಗಳೂ ಸಾವಿರಾರು ಮಕ್ಕಳಿಗೆ ಆಶ್ರಯ ಕೊಟ್ಟಿವೆ. ಅಲ್ಲಿ ಕುಡಿದವನು ಸಿಕ್ಕಿಬಿದ್ದರೆ ಸಾಮಾನ್ಯವಾಗಿ ನಡೆಯುವುದೊಂದೇ: ಪೆಟ್ಟಿಗೆ ಕಟ್ಟಿಸಿ ಹೊರಗೆ ಹಾಕುವುದು. ಶಿಸ್ತಿಗಾಗಿ ಕೆಲವೊಮ್ಮೆ ಅದು ಅನಿವಾರ್ಯವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಹೊರಬಿದ್ದ ಹುಡುಗ ಬಾಡಿಗೆಯ ಕೋಣೆಯೊಂದನ್ನು ಹಿಡಿಯುತ್ತಾನೆ. ಅಲ್ಲಿ ಸಂಜೆಯ ಪ್ರಾರ್ಥನೆಗೆ ಕರೆಯುವವರೂ ಇಲ್ಲ, ಬಾರದಿದ್ದರೆ ಹುಡುಕುವವರೂ ಇಲ್ಲ. ಅದಕ್ಕೆ ಬದಲಾಗಿ, ವರ್ಷದ ಆರಂಭದಲ್ಲಿಯೇ ಎಲ್ಲ ವಿದ್ಯಾರ್ಥಿಗಳಿಗೂ ಹೆಸರು ಕೇಳದೆ ಆ ಹತ್ತು ಪ್ರಶ್ನೆಗಳನ್ನು ಕನ್ನಡದಲ್ಲಿ ಮೊಬೈಲಿನ ಮೂಲಕವೇ ಕೊಡಬಹುದಲ್ಲವೇ? ಬಂದ ಉತ್ತರಗಳ ಮೊತ್ತವನ್ನು, ನಿಮ್ಮಲ್ಲಿ ಇಷ್ಟು ಮಂದಿ ಮುಟ್ಟುವುದೇ ಇಲ್ಲವೆಂದು, ಫಲಕದ ಮೇಲೆ ಬರೆಯಬಹುದು. ಹೆಚ್ಚು ಅಂಕ ಬಂದವನು ತಾನಾಗಿಯೇ ಬಂದು ಮಾತಾಡಲು ಒಬ್ಬ ಹಿರಿಯರನ್ನು ಗೊತ್ತುಮಾಡಬಹುದು. ಆ ಹಿರಿಯರು ಕೇಳಬಲ್ಲವರಾಗಿರಬೇಕು, ಪ್ರವಚನಕಾರರು ಬೇಡ. ನಾವೂ ಪ್ರವಚನ ಮಾಡುವವರೇ ಆದುದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತೇವೆ.

ಇನ್ನೊಂದು ವಿಷಯ ಪ್ರಾಣಕ್ಕೆ ಸಂಬಂಧಿಸಿದ್ದು. ಹಾಸ್ಟೆಲಿನಲ್ಲಿ ಹುಡುಗನೊಬ್ಬ ಮಿತಿಮೀರಿ ಕುಡಿದು ಎಚ್ಚರ ತಪ್ಪಿದಾಗ ಗೆಳೆಯರು ಮಾಡುವುದೇನು? ವಾರ್ಡನ್ನರಿಗೆ ತಿಳಿದರೆ ಎಲ್ಲರಿಗೂ ಶಿಕ್ಷೆಯೆಂದು ಹೆದರಿ ಬಾಗಿಲು ಹಾಕಿ ಮಲಗಿಸುತ್ತಾರೆ. ಕುಡಿಯುವುದನ್ನು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಏರುತ್ತಲೇ ಇರುತ್ತದೆ. ಮಲಗಿದ್ದಲ್ಲಿಯೇ ವಾಂತಿಯಾಗಿ ಉಸಿರುಕಟ್ಟಬಹುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯವು 2002ರಲ್ಲಿ, ಇಂಥ ಸಂದರ್ಭದಲ್ಲಿ ನೆರವು ಕೋರಿದವರಿಗೆ ಕುಡಿದ ತಪ್ಪಿಗಾಗಿ ಶಿಕ್ಷೆಯಿಲ್ಲವೆಂದು ಸಾರಿತು. ಅದಾದ ಮೇಲೆ ಸಹಾಯಕ್ಕಾಗಿ ಬರುವ ಕರೆಗಳು ಹೆಚ್ಚಾದವು. ನಮ್ಮ ಪ್ರಸಾದ ನಿಲಯಗಳೂ ಇಂತಹ ಒಂದು ನಿಯಮವನ್ನು ಬಾಗಿಲ ಮೇಲೆ ಬರೆದು ಹಾಕಿದರೆ ಶಿಸ್ತು ಕೆಡುವುದಿಲ್ಲ, ಒಂದು ತಾಯಿಯ ಮಗ ಉಳಿಯುತ್ತಾನೆ. ಅಲುಗಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದರೆ, ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒಬ್ಬನೇ ಬಿಡದೆ, ಒಡನೆಯೇ 108ಕ್ಕೆ ಕರೆ ಮಾಡತಕ್ಕದ್ದು, ಅಮೆರಿಕದಲ್ಲಿರುವವರು 911ಕ್ಕೆ. ಬಾಯಲ್ಲಿ ಬೆರಳಿಟ್ಟು ವಾಂತಿ ಮಾಡಿಸುವುದು, ತಲೆಯ ಮೇಲೆ ನೀರು ಸುರಿಯುವುದು ಕೂಡದು.

ಮನೆಯಲ್ಲಿ ಮಾತು ತೆಗೆಯುವುದು ಹೇಗೆಂದು ತಾಯಂದಿರು ಕೇಳುತ್ತಾರೆ. ರಜೆಗೆ ಬಂದ ಮಗನನ್ನು ನೆಂಟರ ಎದುರಿಗೆ ಕೇಳಬೇಡಿರಿ. ಅವನು ಕುಡಿದು ಬಂದ ರಾತ್ರಿಯೇ ಕೇಳಬೇಡಿರಿ, ಆಗ ಕೇಳುವುದು ಗೋಡೆಯೊಡನೆ ಮಾತಾಡಿದಂತೆ. ಹೊಲಕ್ಕೆ ಹೋಗುವಾಗ, ಬಸ್ಸಿಗೆ ಬಿಡಲು ಹೋಗುವಾಗ, ಇಬ್ಬರೇ ಇದ್ದಾಗ ಕೇಳಿರಿ: ನಿಮ್ಮ ಹಾಸ್ಟೆಲಿನಲ್ಲಿ ಎಷ್ಟು ಜನ ಕುಡಿಯುತ್ತಾರೆ, ನೀನು ಮುಟ್ಟಿದ್ದೀಯಾ, ಆಮೇಲೆ ಏನಾಯಿತು. ಅವನು ಹೇಳಿ ಮುಗಿಸುವವರೆಗೆ ಸುಮ್ಮನಿರುವುದೇ ಇದರಲ್ಲಿ ಕಷ್ಟದ ಭಾಗ. ನಮಗಿದು ಬೇಡವೆಂಬ ನಿಮ್ಮ ಮಾತನ್ನು ಆಮೇಲೆ, ಒಮ್ಮೆ, ಸ್ಪಷ್ಟವಾಗಿ ಹೇಳಿದರೆ ಸಾಕು.

ಕಡೆಯದಾಗಿ, ಕಿರುಪಾಠಗಳೂ ಕಿರುಮಾತುಗಳೂ ಎಲ್ಲರಿಗೂ ಸಲ್ಲುವವಲ್ಲ. ಬೆಳಗೆದ್ದೊಡನೆ ಕೈ ನಡುಗಿ, ಕುಡಿದರೆ ಮಾತ್ರ ನಿಲ್ಲುವ ಸ್ಥಿತಿಗೆ ಬಂದವನು ರೋಗಿ. ಅಂಥವನಿಂದ ಆಣೆ ಮಾಡಿಸಿ ಒಂದೇ ದಿನದಲ್ಲಿ ಬಿಡಿಸುವುದು ಅಪಾಯ. ಬಿಟ್ಟ ಎರಡು ಮೂರು ದಿನಗಳೊಳಗೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ, ಮನಸ್ಸಿನ ಯಾವುದೇ ಸಂಕಟಕ್ಕೆ 2022ರಿಂದ ನಡೆಯುತ್ತಿರುವ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು. ಎರಡಕ್ಕೂ ಶುಲ್ಕವಿಲ್ಲ. ಈ ಎರಡು ಸಂಖ್ಯೆಗಳನ್ನು ಹಾಸ್ಟೆಲಿಗೆ ಹೊರಡುವ ಮಕ್ಕಳ ಮೊಬೈಲಿನಲ್ಲಿ ಬರೆಸಿ ಕಳುಹಿಸಿರಿ.